ಮನೆಯೊಳಗೆ ಯಾರಿದ್ದರು?

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಏಳು ದಪ್ಪ ಸಂಪುಟಗಳಿವೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ದಾಳಿಗೆ ಸಿಕ್ಕಿ ಸತ್ತ ಸುಮಾರು 67 ಸಾವಿರ ನಾಗರಿಕರ ಹೆಸರುಗಳು ಅವುಗಳಲ್ಲಿವೆ. ಸೈನಿಕರ ಗೋರಿಗಳನ್ನು ನೋಡಿಕೊಳ್ಳಲೆಂದು ಹುಟ್ಟಿದ ಯುದ್ಧಸಮಾಧಿ ಆಯೋಗವೇ ಈ ಕೆಲಸವನ್ನೂ ಮಾಡಿತು. ಆಯೋಗದ ದಾಖಲೆಯಲ್ಲಿ ಬಹುಪಾಲು ನಮೂದುಗಳದ್ದು ಒಂದೇ ಧಾಟಿ: ಹೆಸರು, ವಯಸ್ಸು, ಇಂಥ ಬೀದಿಯ ಇಂಥ ನಂಬರಿನ ಮನೆ, ಇಂಥವರ ಹೆಂಡತಿ ಅಥವಾ ಮಗ, ಸತ್ತದ್ದು ಇಂಥಲ್ಲಿ. ಓದುತ್ತ ಹೋದರೆ, ವಾಸವಿದ್ದ ವಿಳಾಸವೂ ಸತ್ತ ವಿಳಾಸವೂ ಒಂದೇ ಆಗಿರುವ ಸಾಲುಗಳು ಮತ್ತೆ ಮತ್ತೆ ಎದುರಾಗುತ್ತವೆ. ಬರವಣಿಗೆ ಗುಮಾಸ್ತನದು, ಭಾವುಕತೆ ಎಳ್ಳಷ್ಟೂ ಇಲ್ಲ. ಆದರೆ ಅದರ ಹಿಂದೊಂದು ತೀರ್ಮಾನವಿದೆ. ತನ್ನ ಮನೆಯಲ್ಲಿ ಮಲಗಿದ್ದವಳ ಮೇಲೆ ಬಾಂಬು ಬಿದ್ದರೆ ಅದೂ ಯುದ್ಧದ ಸಾವೇ, ಅದಕ್ಕೂ ರಾಜ್ಯ ಲೆಕ್ಕ ಇಡಬೇಕು.

ಅದೇ ಬ್ರಿಟನ್ನಿನ ವಿಮಾನಗಳು 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರದ ವಸತಿ ಬಡಾವಣೆಗಳಿಗೆ ಬೆಂಕಿಯಿಟ್ಟವು. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರ ಹೆಸರು ಅಬೆಯಲ್ಲಿಲ್ಲ. ಇರಬೇಕಿತ್ತು ಎಂದು ಯಾರೂ ನಿರೀಕ್ಷಿಸಿಯೂ ಇಲ್ಲ. ತನ್ನವರ ಸಾವನ್ನು ಬರೆದಿಡುವುದು ಎಲ್ಲರೂ ಒಪ್ಪುವ ಕರ್ತವ್ಯ. ತಾನೇ ಕೊಂದವರ ಹೆಸರು ಬರೆದಿಡುವುದು ಯಾರ ಕರ್ತವ್ಯದ ಪಟ್ಟಿಯಲ್ಲೂ ಇಲ್ಲ. ಇಲ್ಲದಿರುವುದು ಸರಿಯೇ?

ಈ ಪ್ರಶ್ನೆಗೆ ಪಶ್ಚಿಮದ ಧರ್ಮಶಾಸ್ತ್ರದಲ್ಲಿ ಸಿದ್ಧ ಉತ್ತರವೊಂದಿದೆ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಆತ್ಮರಕ್ಷಣೆಯ ಬಗ್ಗೆ ಬರೆಯುತ್ತ, ಒಂದೇ ಕೃತ್ಯಕ್ಕೆ ಎರಡು ಫಲಗಳಿರಬಹುದು, ಒಂದು ಉದ್ದೇಶಿಸಿದ್ದು, ಇನ್ನೊಂದು ಉದ್ದೇಶದಾಚೆಯದು ಎಂದು ವಿಂಗಡಿಸಿದ. ಜೀವ ಉಳಿಸಿಕೊಳ್ಳಲು ಹೊಡೆದೆ, ಎದುರಾಳಿ ಸತ್ತ. ಕೊಲ್ಲುವುದು ನನ್ನ ಉದ್ದೇಶವಾಗಿರಲಿಲ್ಲ. ಈ ಬೀಜದಿಂದ ಮುಂದೆ ಬೆಳೆದದ್ದೇ ದ್ವಿಫಲ ತತ್ತ್ವ. ಇವತ್ತು ಯಾವುದೇ ಸೇನೆಯ ವಕ್ತಾರ ವಾಯುದಾಳಿಯ ಮರುದಿನ ಮೈಕಿನ ಮುಂದೆ ನಿಂತು ಹೇಳುವುದೂ ಇದನ್ನೇ: ಗುರಿ ಉಗ್ರನಾಗಿದ್ದ, ಸಂಸಾರವಲ್ಲ, ಸಂಸಾರ ಸತ್ತದ್ದು ವಿಷಾದಕರ. ಎರಡು ಫಲಗಳ ನಡುವೆ ಒಂದು ತೂಕವಿರಬೇಕು ಎಂಬ ಷರತ್ತನ್ನು ಅಂತರರಾಷ್ಟ್ರೀಯ ಕಾನೂನೂ ಒಪ್ಪಿದೆ. ಸಿಗಲಿರುವ ಸೈನಿಕ ಲಾಭಕ್ಕೆ ಮೀರಿದ ನಾಗರಿಕ ಹಾನಿ ನಿರೀಕ್ಷಿತವಾಗಿದ್ದರೆ ದಾಳಿ ಮಾಡಕೂಡದು ಎನ್ನುತ್ತದೆ ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲ್. ಅಮೆರಿಕ, ಇಸ್ರೇಲ್, ಭಾರತ ಮೂರೂ ಅದಕ್ಕೆ ಸೇರಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಈ ತತ್ತ್ವ ಎಷ್ಟು ಸುಲಭವಾಗಿ ನೆಪವಾಗಬಲ್ಲದು ಎಂಬುದನ್ನು ಕ್ಯಾಥೊಲಿಕ್ ತತ್ತ್ವಜ್ಞಾನಿ ಎಲಿಜಬೆತ್ ಆನ್ಸ್‌ಕಂಬ್ ಚೆನ್ನಾಗಿ ಬಲ್ಲವಳು. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಹ್ಯಾರಿ ಟ್ರೂಮನ್‌ಗೆ ಗೌರವ ಪದವಿ ಕೊಡಹೊರಟಾಗ, ಹಿರೋಷಿಮಾದ ಮೇಲೆ ಬಾಂಬು ಹಾಕಿಸಿದವನಿಗೆ ಗೌರವವೇ ಎಂದು ಎದ್ದುನಿಂತು ವಿರೋಧಿಸಿದವಳು ಅವಳು. ಮನಸ್ಸಿನೊಳಗೆ ಉದ್ದೇಶವನ್ನು ಅತ್ತ ತಿರುಗಿಸಿಕೊಂಡ ಮಾತ್ರಕ್ಕೆ ಕೈ ಶುದ್ಧವಾಗುವುದಿಲ್ಲ ಎಂದು ತನ್ನ ಮತದವರಿಗೇ ಮುಂದೆ ಛೀಮಾರಿ ಹಾಕಿದಳು. 1977ರಲ್ಲಿ ಬಂದ ನ್ಯಾಯಯುದ್ಧದ ಬಗೆಗಿನ ಪುಸ್ತಕದಲ್ಲಿ ಅಮೆರಿಕದ ಮೈಕಲ್ ವಾಲ್ಜರ್ ಇನ್ನೊಂದು ಷರತ್ತು ಸೇರಿಸಿದ. ನಾಗರಿಕರನ್ನು ಕೊಲ್ಲುವ ಉದ್ದೇಶ ಇಲ್ಲದಿದ್ದರೆ ಸಾಲದು, ಅವರನ್ನು ಉಳಿಸುವ ಉದ್ದೇಶ ಬೇಕು. ಅದಕ್ಕಾಗಿ ಸೈನಿಕ ತನ್ನ ಮೇಲೆ ಸ್ವಲ್ಪ ಅಪಾಯ ಎಳೆದುಕೊಳ್ಳಲೂ ತಯಾರಿರಬೇಕು. ಹದಿನೈದು ಸಾವಿರ ಅಡಿ ಮೇಲಿನಿಂದ ಅಥವಾ ಇನ್ನೊಂದು ಖಂಡದ ಕುರ್ಚಿಯಿಂದ ಗುಂಡಿ ಒತ್ತುವ ಕಾಲಕ್ಕೆ ಈ ಷರತ್ತು ಎಷ್ಟು ದುಬಾರಿ ಎಂದು ವಿವರಿಸಬೇಕಿಲ್ಲ.

ಉದ್ದೇಶದ ಈ ವ್ಯಾಜ್ಯ ಕನ್ನಡಕ್ಕೆ ಹೊಸದಲ್ಲ. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯಲ್ಲಿ ಸಾಯುವುದು ಹಿಟ್ಟಿನ ಹುಂಜ. ನಿಜವಾದ ಪ್ರಾಣಿಯ ಬದಲು ಹಿಟ್ಟಿನದ್ದನ್ನು ಕಡಿದರೆ ಪಾಪವಿಲ್ಲ ಎಂದುಕೊಂಡ ರಾಜನೂ ಅವನ ತಾಯಿಯೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಅಲ್ಲಿ ಕೊಲ್ಲುವ ಸಂಕಲ್ಪವಿತ್ತು, ಜೀವ ಹೋಗಲಿಲ್ಲ, ಆದರೂ ಹಿಂಸೆ. ವಾಯುದಾಳಿಯ ವಕ್ತಾರ ಹೇಳುವುದು ಇದರ ನೇರ ತಿರುವು: ಜೀವಗಳು ಹೋದವು, ಸಂಕಲ್ಪವಿರಲಿಲ್ಲ, ಆದ್ದರಿಂದ ಹಿಂಸೆಯಲ್ಲ. ಜೈನ ಚಿಂತನೆಯನ್ನು ಅರ್ಧ ಮಾತ್ರ ಬಲ್ಲವರು, ಹಾಗಾದರೆ ಜನ್ನನ ತರ್ಕದಲ್ಲಿ ಪೈಲಟ್ ನಿರ್ದೋಷಿಯಲ್ಲವೇ ಎಂದು ಕೇಳಬಹುದು. ಅಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ನಿರೂಪಿಸುವಾಗ ದ್ವೇಷವನ್ನು ಮುಂದಿಡುವುದಿಲ್ಲ. ಎಚ್ಚರಗೇಡಿತನದಿಂದ ನಡೆದುಕೊಂಡು ಪ್ರಾಣ ಕಳೆಯುವುದೇ ಹಿಂಸೆ ಎನ್ನುತ್ತದೆ. ಮುನಿ ನೆಲ ನೋಡಿಕೊಂಡೇ ನಡೆಯಬೇಕು, ಕೂರುವ ಮುನ್ನ ನವಿಲುಗರಿಯ ಪಿಂಛಿಯಿಂದ ಜಾಗ ಸವರಬೇಕು. ನೋಡಿ ನಡೆದೂ ಇರುವೆ ಸತ್ತರೆ ಒಂದು ಮಾತು. ನೋಡದೆಯೇ ನಡೆದವನು, ಇರುವೆ ಸಾಯದಿದ್ದರೂ, ತಪ್ಪಿತಸ್ಥ.

ಈ ಅಳತೆಗೋಲು ಅಕ್ವಿನಾಸನದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಉದ್ದೇಶ ಮನಸ್ಸಿನೊಳಗಿನದು, ಅದನ್ನು ಯಾರೂ ತೆರೆದು ನೋಡಲಾರರು. ಆದರೆ ಒಬ್ಬ ಎಷ್ಟು ನೋಡಿದ, ಎಷ್ಟು ಹೊತ್ತು ನೋಡಿದ, ಆಮೇಲೆ ಹಿಂತಿರುಗಿ ನೋಡಿದನೇ ಎಂಬುದನ್ನು ಪರೀಕ್ಷಿಸಬಹುದು. ಅದಕ್ಕೆ ದಾಖಲೆ ಇರುತ್ತದೆ.

ಇರಾಕಿನ ಮೋಸುಲ್‌ನಲ್ಲಿ ಅಂಥದೊಂದು ದಾಖಲೆ ಸಿಕ್ಕಿತು. 2015ರ ಸೆಪ್ಟೆಂಬರಿನ ಒಂದು ರಾತ್ರಿ, ನಗರ ಐಸಿಸ್ ಹಿಡಿತದಲ್ಲಿದ್ದಾಗ, ಅಮೆರಿಕ ನೇತೃತ್ವದ ಮಿತ್ರಕೂಟದ ವಿಮಾನಗಳು ಅಕ್ಕಪಕ್ಕದ ಎರಡು ಮನೆಗಳನ್ನು ಹೊಡೆದುರುಳಿಸಿದವು. ಒಂದು ಅಣ್ಣನದು, ಇನ್ನೊಂದು ತಮ್ಮನದು. ಒಬ್ಬನಿಗೆ ಎಚ್ಚರವಾದಾಗ ತಲೆಯ ಮೇಲೆ ಸೂರಿರಲಿಲ್ಲ, ಆಕಾಶ ಕಾಣುತ್ತಿತ್ತು. ಹೆಂಡತಿ, ಮಗಳು, ಒಡಹುಟ್ಟಿದವ, ಅವನ ಮಗ ನಾಲ್ವರೂ ಸತ್ತಿದ್ದರು. ಸ್ವಲ್ಪ ದಿನದಲ್ಲೇ ಆ ದಾಳಿಯ ಕಪ್ಪುಬಿಳುಪು ವಿಡಿಯೊ ಯೂಟ್ಯೂಬಿಗೆ ಬಂತು. ಹಾಕಿದ್ದು ಮಿತ್ರಕೂಟವೇ, ಕಾರ್‌ಬಾಂಬು ತಯಾರಿಸುವ ಐಸಿಸ್ ಘಟಕವನ್ನು ನಾಶಮಾಡಿದ್ದು ಎಂಬ ತಲೆಬರಹದೊಂದಿಗೆ. ತನ್ನ ಮನೆ ಮುರಿದುಬೀಳುವುದನ್ನು ಆತ ಕಂಪ್ಯೂಟರಿನಲ್ಲಿ ನೋಡಿದ.

ಅಜ್ಮತ್ ಖಾನ್ ಮತ್ತು ಆನಂದ್ ಗೋಪಾಲ್ ಎಂಬ ಪತ್ರಕರ್ತರು 2017ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನಿನಲ್ಲಿ ಈ ಕತೆಯ ಒಳಗುಟ್ಟನ್ನು ಹೊರಹಾಕಿದರು. ದಾಳಿಗೆ ಮುನ್ನ ಡ್ರೋನ್ ಆ ಮನೆಗಳನ್ನು ನೋಡಿದ್ದು, ಬಿಡಿಬಿಡಿಯಾಗಿ, ಮೂರು ದಿನದಲ್ಲಿ ಒಟ್ಟು 95 ನಿಮಿಷ. ಹೆಂಗಸರು ಮಕ್ಕಳು ಹೊರಗೆ ಕಾಣಲಿಲ್ಲ, ಆದ್ದರಿಂದ ಇಲ್ಲ ಎಂದುಕೊಂಡರು. ಐಸಿಸ್ ಆಳ್ವಿಕೆಯ ಮೋಸುಲ್‌ನಲ್ಲಿ ಹೆಂಗಸರು ಹೊಸಿಲು ದಾಟುತ್ತಿದ್ದುದೇ ಅಪರೂಪ ಎಂಬುದು ಆ ಊರಿನ ಯಾರನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು. ಗೇಟು ತೆರೆದು ಗಾಡಿ ಒಳಬಿಟ್ಟದ್ದೂ ಅನುಮಾನಕ್ಕೆ ಸಾಕ್ಷಿಯಾಯಿತು. ಬಾಡಿಗೆಗೆ ಮನೆ ನೋಡಹೊರಟವರೂ ಬೀದಿಯಲ್ಲಿ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾರೆ.

ಬದುಕುಳಿದ ಆ ಸೋದರನಿಗೆ ಅಮೆರಿಕ ಸಂತಾಪದ ಬಾಬ್ತು 15,000 ಡಾಲರ್ ಕೊಡಲು ಬಂತು. ಆತ ಬೇಡವೆಂದ. ಬಾಂಬು ಹಾಕಿದ್ದು ನೆದರ್‌ಲ್ಯಾಂಡ್ಸ್‌ನ ವಿಮಾನಗಳು ಎಂಬ ಸಂಗತಿ ಹೊರಬೀಳಲು ಇನ್ನೂ ಕೆಲವು ವರ್ಷ ಹಿಡಿಯಿತು. 2020ರಲ್ಲಿ ಆ ದೇಶ ಸ್ವಇಚ್ಛೆಯ ಪರಿಹಾರವೆಂದು ಸುಮಾರು ಹತ್ತು ಲಕ್ಷ ಯೂರೋ ಕೊಟ್ಟಿತೆಂದು ವರದಿಯಾಯಿತು. ಕಾನೂನಿನ ಹೊಣೆಯನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ನಾಲ್ಕು ಸಾವುಗಳಿಗೆ ಇಷ್ಟು ದೂರ ನಡೆದವನು ಓದುಬರಹ ಬಲ್ಲವ, ಇಂಗ್ಲಿಷ್ ಬಲ್ಲವ, ಅಮೆರಿಕದಲ್ಲಿ ಓದಿದವ. ಪಕ್ಕದ ಬೀದಿಯ ರೈತನ ಗತಿ ಏನೆಂದು ಕೇಳುವುದು ಬೇಡ.

ಖಾನ್ ಮತ್ತು ಗೋಪಾಲ್ ಉತ್ತರ ಇರಾಕಿನಲ್ಲಿ ಸುಮಾರು 150 ದಾಳಿಗಳ ಜಾಗಕ್ಕೆ ಖುದ್ದಾಗಿ ಹೋದರು. ಐದು ದಾಳಿಗೆ ಒಂದರಲ್ಲಿ ನಾಗರಿಕ ಸತ್ತಿದ್ದ; ಇದು ಮಿತ್ರಕೂಟ ಒಪ್ಪಿಕೊಂಡ ಪ್ರಮಾಣದ 31 ಪಟ್ಟು. ಸೇನೆ ಸುಳ್ಳು ಹೇಳುತ್ತಿತ್ತೇ? ಬಹುಶಃ ಅದಕ್ಕಿಂತ ಕೆಟ್ಟದ್ದು: ಅದಕ್ಕೆ ಗೊತ್ತೇ ಇರಲಿಲ್ಲ, ಗೊತ್ತುಮಾಡಿಕೊಳ್ಳುವ ದಾರಿಯನ್ನೂ ಇಟ್ಟುಕೊಂಡಿರಲಿಲ್ಲ. 2021ರ ಕೊನೆಯಲ್ಲಿ ಖಾನ್ ಪೆಂಟಗನ್ನಿನ ಒಳಕಡತಗಳನ್ನೇ ಹೊರತಂದರು. ನಾಗರಿಕ ಸಾವಿನ 1,311 ದೂರುಗಳ ಮೌಲ್ಯಮಾಪನದಲ್ಲಿ ನಂಬತಕ್ಕದ್ದು ಎಂದಾದದ್ದು 216. ಉಳಿದವುಗಳಲ್ಲಿ ಎಷ್ಟೋ ದೂರುಗಳು ಬಿದ್ದುಹೋದದ್ದು ವಿಡಿಯೊದಲ್ಲಿ ಏನೂ ಕಾಣಲಿಲ್ಲ, ಆ ಹೊತ್ತಿನ ದಾಳಿ ದಿನಚರಿಯಲ್ಲಿಲ್ಲ, ವಿವರ ಸಾಲದು ಎಂಬ ಕಾರಣಗಳಿಗೆ. ಸ್ಥಳಕ್ಕೆ ಹೋಗಿ ಮಹಜರು ಮಾಡಿದವರು ಇಲ್ಲವೆನ್ನುವಷ್ಟು ವಿರಳ. ಹಳ್ಳಿಯ ಠಾಣೆಯಲ್ಲಿ ಅಸಹಜ ಸಾವು ಎಂದು ಬರೆಸಿದರೂ ಒಬ್ಬ ಪೊಲೀಸಿನವನು ಬಂದು ಪಂಚರನ್ನು ಕೂರಿಸಿಕೊಂಡು ಪಂಚನಾಮೆ ಬರೆಯುತ್ತಾನೆ.

2021ರ ಆಗಸ್ಟ್ 29ರ ಕಾಬೂಲ್ ಘಟನೆ ಇದರ ಇನ್ನೊಂದು ಮುಖ. ಅಮೆರಿಕನ್ನರು ಊರು ಬಿಡುತ್ತಿದ್ದ ಕೊನೆಯ ದಿನಗಳು. ಬಿಳಿ ಟೊಯೊಟಾ ಕಾರೊಂದನ್ನು ಡ್ರೋನ್ ಗಂಟೆಗಟ್ಟಲೆ ಹಿಂಬಾಲಿಸಿತು. ಕಾರು ಮನೆಯಂಗಳಕ್ಕೆ ಬಂದಾಗ ಕ್ಷಿಪಣಿ ಬಿತ್ತು. ಸತ್ತವರು ಹತ್ತು ಮಂದಿ, ಅವರಲ್ಲಿ ಏಳು ಮಕ್ಕಳು. ಸ್ಫೋಟಕ ಎಂದುಕೊಂಡದ್ದು ನೀರಿನ ಕ್ಯಾನುಗಳಿರಬೇಕು. ಕಾರು ನಡೆಸುತ್ತಿದ್ದವನು ಅಮೆರಿಕದ್ದೇ ನೆರವು ಸಂಸ್ಥೆಯೊಂದರ ನೌಕರ. ಸೇನಾ ಮುಖ್ಯಸ್ಥ ಮಾರ್ಕ್ ಮಿಲ್ಲೀ ಇದನ್ನು ಧರ್ಮಸಮ್ಮತ ದಾಳಿ ಎಂಬರ್ಥದ ಮಾತಿನಲ್ಲಿ ಬಣ್ಣಿಸಿದ್ದ. ಪತ್ರಿಕೆಗಳು ಸಿಸಿಟಿವಿ ತುಣುಕುಗಳನ್ನು ಜೋಡಿಸಿ ಆ ದಿನವನ್ನು ನಿಮಿಷನಿಮಿಷ ಬಿಡಿಸಿಟ್ಟ ಮೇಲೆ, ಸೆಪ್ಟೆಂಬರ್ 17ರಂದು, ಅಮೆರಿಕದ ಜನರಲ್ ಮೆಕೆಂಜಿ ತಪ್ಪೊಪ್ಪಿಕೊಂಡ. ಶಿಕ್ಷೆ ಯಾರಿಗೂ ಆಗಲಿಲ್ಲ. ಗಮನಿಸಬೇಕಾದ್ದು, ಧರ್ಮಸಮ್ಮತ ಎಂಬ ತೀರ್ಪು ಬಂದದ್ದು ಯಾರು ಸತ್ತರೆಂದು ತಿಳಿಯುವ ಮೊದಲೇ. ಕಾಬೂಲಿನಲ್ಲಿ ಆ ಹೊತ್ತು ವರದಿಗಾರರಿದ್ದರು, ಆದ್ದರಿಂದ ಸತ್ಯ ಹೊರಬಿತ್ತು. ಹೆಲ್ಮಂಡಿನ ಯಾವುದೋ ಹಳ್ಳಿಯಾಗಿದ್ದರೆ ಮೊದಲ ಹೇಳಿಕೆಯೇ ಇತಿಹಾಸವಾಗಿ ಉಳಿಯುತ್ತಿತ್ತು.

ಗಾಜಾದ ವಿಷಯಕ್ಕೆ ಬಂದರೆ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತದೆ, ಏಕೆಂದರೆ ಅಲ್ಲಿ ಮನೆ ಅಕಸ್ಮಾತ್ತಾಗಿ ನಡುವೆ ಸಿಕ್ಕಿದ್ದಲ್ಲ ಎಂಬ ಆರೋಪವಿದೆ. 2014ರ ಬೇಸಿಗೆಯ ಯುದ್ಧದ ನಂತರ ಇಸ್ರೇಲಿನದೇ ಮಾನವಹಕ್ಕು ಸಂಸ್ಥೆ ಬೆತ್ಸೆಲೆಮ್ ಮನೆಗಳ ಮೇಲಿನ 70 ದಾಳಿಗಳನ್ನು ಒಂದೊಂದಾಗಿ ಪರಿಶೀಲಿಸಿತು. ಸತ್ತವರು 606. ಅದೇ ಯುದ್ಧದಲ್ಲಿ ಒಂದೇ ದಾಳಿಗೆ ಮೂರು ಅಥವಾ ಹೆಚ್ಚು ಜನರನ್ನು ಕಳೆದುಕೊಂಡ ಕುಟುಂಬಗಳು 142 ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ ಲೆಕ್ಕ ಹಾಕಿತು. 2024ರ ಏಪ್ರಿಲಿನಲ್ಲಿ +972 ಎಂಬ ಇಸ್ರೇಲಿ ಪತ್ರಿಕೆ ಆರು ಗುಪ್ತಚರ ಅಧಿಕಾರಿಗಳ ಮಾತಿನ ಆಧಾರದಲ್ಲಿ ಪ್ರಕಟಿಸಿದ ವರದಿ ಇನ್ನೂ ಮುಂದೆ ಹೋಯಿತು. ಶಂಕಿತ ಉಗ್ರ ಮನೆ ಸೇರುವುದನ್ನೇ ಕಾದು ಹೊಡೆಯುತ್ತಿದ್ದರು, ಕೆಳದರ್ಜೆಯ ಒಬ್ಬನಿಗೆ ಹದಿನೈದಿಪ್ಪತ್ತು ನಾಗರಿಕರ ಸಾವು ನಡೆದೀತು ಎಂಬ ಲೆಕ್ಕವಿತ್ತು ಎಂದು ಅದು ಹೇಳಿತು. ವರದಿಯ ಚಿತ್ರಣವನ್ನು ಇಸ್ರೇಲಿ ಸೇನೆ ಅಲ್ಲಗಳೆದಿದೆ. 2023ರ ಅಕ್ಟೋಬರ್ 7ರಂದು ಹಮಾಸ್ ನುಗ್ಗಿ ಸುಮಾರು 1,200 ಜನರನ್ನು ಕೊಂದಾಗ ಅವರಲ್ಲೂ ಅನೇಕರು ಸತ್ತದ್ದು ತಮ್ಮ ಮನೆಗಳಲ್ಲೇ, ಮಕ್ಕಳೆದುರಿಗೆ. ಅವರ ಹೆಸರುಗಳೆಲ್ಲ ದಾಖಲಾಗಿವೆ. ಆಗಬೇಕಾದ್ದೇ.

ಮಲಗಿರುವವರನ್ನು ಕೊಲ್ಲಬಾರದು ಎಂದು ಸೌಪ್ತಿಕ ಪರ್ವದಲ್ಲಿ ಕೃಪಾಚಾರ್ಯ ಅಶ್ವತ್ಥಾಮನಿಗೆ ಎಷ್ಟೋ ಹೇಳುತ್ತಾನೆ. ತಂದೆಯನ್ನು ಪಾಂಡವರು ಮೋಸದಿಂದ ಕೊಂದರಲ್ಲ ಎಂಬುದು ಅಶ್ವತ್ಥಾಮನ ಉತ್ತರ. ಆ ಉತ್ತರದಲ್ಲಿ ಸುಳ್ಳಿಲ್ಲ ಎಂಬುದೇ ಅಲ್ಲಿನ ಸಂಕಟ.

2023ರ ಅದೇ ಅಕ್ಟೋಬರ್ 25ರಂದು ಅಮೆರಿಕದ ಆಗಿನ ಅಧ್ಯಕ್ಷ ಜೋ ಬೈಡನ್, ಪ್ಯಾಲೆಸ್ಟೀನಿಯರು ಹೇಳುವ ಸಾವಿನ ಸಂಖ್ಯೆಯ ಮೇಲೆ ತನಗೆ ನಂಬಿಕೆಯಿಲ್ಲ ಎಂದ. ಮರುದಿನ ಗಾಜಾದ ಆರೋಗ್ಯ ಸಚಿವಾಲಯ 212 ಪುಟಗಳ ಪಟ್ಟಿ ಬಿಡುಗಡೆ ಮಾಡಿತು. 6,747 ಹೆಸರು; ಪ್ರತಿ ಹೆಸರಿನ ಮುಂದೆ ವಯಸ್ಸು, ಲಿಂಗ, ಗುರುತಿನ ಚೀಟಿಯ ಸಂಖ್ಯೆ. ಗುರುತು ಸಿಗದ 281 ದೇಹಗಳು ಬೇರೆ. ಆ ಗುರುತಿನ ಸಂಖ್ಯೆಗಳು ಸೇರುವ ಜನಸಂಖ್ಯಾ ನೋಂದಣಿಯ ಹಿಡಿತ ಇಸ್ರೇಲಿನ ಕೈಯಲ್ಲೇ ಇದೆ. ಬೇಕಿದ್ದರೆ ಒಂದೊಂದನ್ನೂ ತಾಳೆ ನೋಡಬಹುದು. ಒಂದು ವರ್ಷದ ಹೊತ್ತಿಗೆ ಪಟ್ಟಿ 649 ಪುಟಕ್ಕೆ, 34,344 ಹೆಸರಿಗೆ ಬೆಳೆಯಿತು. ವಯಸ್ಸಿನ ಕ್ರಮದಲ್ಲಿ ಜೋಡಿಸಿದ್ದರಿಂದ ಮೊದಲ ಹದಿನಾಲ್ಕು ಪುಟಗಳಲ್ಲಿ ವಯಸ್ಸಿನ ಅಂಕಣದಲ್ಲಿರುವುದು ಸೊನ್ನೆ. ವರ್ಷ ತುಂಬದ ಕೂಸುಗಳು, 710.

ಪಟ್ಟಿ ತಯಾರಾಗುವ ಬಗೆಯನ್ನು ಹತ್ತಿರದಿಂದ ನೋಡಿದರೆ, ದಾಖಲೀಕರಣ ಎಂಬ ಒಣ ಪದದೊಳಗೆ ಏನೇನಿದೆ ಎಂದು ತಿಳಿಯುತ್ತದೆ. ಶವ ಆಸ್ಪತ್ರೆಗೆ ಬರುತ್ತದೆ. ಬಂದವರು ಹೆಸರು ಹೇಳಿದರೆ ಬಿಳಿ ಬಟ್ಟೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆಯುತ್ತಾರೆ. ಯಾರೂ ಬರದಿದ್ದರೆ ನಂಬರು. ಬಾಂಬು ಬಿದ್ದರೆ ಗುರುತು ಸಿಗಲೆಂದು ಅಪ್ಪ ಅಮ್ಮಂದಿರು ಮಲಗಿಸುವ ಮುನ್ನವೇ ಮಕ್ಕಳ ಕೈಕಾಲಿನ ಮೇಲೆ ಹೆಸರು ಬರೆದಿಟ್ಟ ಸುದ್ದಿಯೂ ಆಗ ಬಂತು. ಬದುಕಿ ಬಂದ ಮಕ್ಕಳಿಗೂ ಆಸ್ಪತ್ರೆಗಳಲ್ಲಿ ಒಂದು ಸಂಕೇತ ಹುಟ್ಟಿಕೊಂಡಿತು, ಇಂಗ್ಲಿಷಿನ ಐದಕ್ಷರದ್ದು: ಗಾಯಗೊಂಡ ಮಗು, ಬದುಕುಳಿದ ಸಂಬಂಧಿಕರಿಲ್ಲ.

ಲಂಡನ್ನಿನ ಏರ್‌ವಾರ್ಸ್ ಸಂಸ್ಥೆಯವರು ಇನ್ನೊಂದು ತುದಿಯಿಂದ ಹೊರಡುತ್ತಾರೆ. 2014ರಲ್ಲಿ ಇರಾಕ್ ಮತ್ತು ಸಿರಿಯಾದ ದಾಳಿಗಳನ್ನು ಗಮನಿಸಲು ಹುಟ್ಟಿದ ಸಂಸ್ಥೆ ಇದು. ಸ್ಥಳೀಯರ ಫೇಸ್‌ಬುಕ್ ಸಂತಾಪಗಳು, ಅರಬಿ ಸುದ್ದಿಗಳು, ಫೋನಿನ ವಿಡಿಯೊಗಳನ್ನು ಕಲೆಹಾಕಿ, ಮಿನಾರು ಅಥವಾ ನೀರಿನ ತೊಟ್ಟಿಯ ಆಧಾರದಿಂದ ಉಪಗ್ರಹ ಚಿತ್ರದಲ್ಲಿ ಜಾಗ ಗುರುತಿಸಿ, ಪ್ರತಿ ಘಟನೆಗೂ ಸಂಖ್ಯೆ ಕೊಟ್ಟು ಕಡತ ತೆರೆಯುತ್ತಾರೆ. ಸಾವು ಇಷ್ಟರಿಂದ ಇಷ್ಟು ಎಂದು ಕನಿಷ್ಠ ಗರಿಷ್ಠ ಎರಡೂ ಬರೆಯುತ್ತಾರೆ. ಪುರಾವೆ ಗಟ್ಟಿಯೋ ತೆಳುವೋ ವಿವಾದಾಸ್ಪದವೋ ಎಂದು ದರ್ಜೆ ಹಾಕುತ್ತಾರೆ. ಗಾಜಾದಲ್ಲಿ 2023ರ ಅಕ್ಟೋಬರಿನ 25 ದಿನಗಳಲ್ಲೇ ಕನಿಷ್ಠ 5,139 ನಾಗರಿಕ ಸಾವುಗಳನ್ನು ಅವರು ಹೀಗೆ ದಾಖಲಿಸಿದರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹೆಂಗಸರು ಮಕ್ಕಳು ಸತ್ತದ್ದು ವಸತಿ ಕಟ್ಟಡಗಳಲ್ಲಿ.

ಶವಯಾತ್ರೆಯ ಮರುದಿನವೇ ಯಾರೋ ಬಂದು ನಿಮ್ಮ ಮಗನ ಗುರುತಿನ ಚೀಟಿ ತೋರಿಸಿ, ಅವನು ಯಾವ ಸಂಘಟನೆಯಲ್ಲಿದ್ದ, ದಾಳಿಯ ಹೊತ್ತಿಗೆ ಯಾವ ಕೋಣೆಯಲ್ಲಿದ್ದ ಎಂದು ಕೇಳಿದರೆ ಹೇಗಿರುತ್ತದೆ? ದಾಖಲಿಸುವವನ ಕೆಲಸ ಇಷ್ಟು ನಿರ್ದಯವಾದದ್ದು. ಅವನು ಅಳುವವರನ್ನೂ ನಂಬುವಂತಿಲ್ಲ. ಆದರೆ ಆ ಅಪನಂಬಿಕೆಯೇ ಸತ್ತವರಿಗೆ ಅವನು ಸಲ್ಲಿಸುವ ಸೇವೆ. ಅದಿಲ್ಲದ ಪಟ್ಟಿ ಏನಾಗುತ್ತದೆ ಎಂಬುದಕ್ಕೆ ಡ್ರೆಸ್ಡೆನ್ ಸಾಕ್ಷಿ. 1945ರ ಫೆಬ್ರವರಿಯಲ್ಲಿ ಆ ನಗರ ಸುಟ್ಟಾಗ ಪೊಲೀಸರ ಲೆಕ್ಕದಲ್ಲಿದ್ದ ಸುಮಾರು ಇಪ್ಪತ್ತು ಸಾವಿರಕ್ಕೆ ನಾಜಿ ಪ್ರಚಾರಕರು ಒಂದು ಸೊನ್ನೆ ಸೇರಿಸಿ ಎರಡು ಲಕ್ಷ ಮಾಡಿದರು. ಆ ಸುಳ್ಳು ಅರುವತ್ತು ವರ್ಷ ಬದುಕಿತು, ನವನಾಜಿಗಳ ಬಾಯಲ್ಲಿ ಇನ್ನೂ ಬದುಕಿದೆ. ಕೊನೆಗೆ ಇತಿಹಾಸಕಾರರ ಆಯೋಗವೊಂದು ವರ್ಷಗಟ್ಟಲೆ ಕಡತ ಜಾಲಾಡಿ, 2010ರಲ್ಲಿ, ಹೆಚ್ಚೆಂದರೆ 25,000 ಎಂದು ತೀರ್ಪು ಕೊಟ್ಟಿತು. ಉಬ್ಬಿಸಿದ ಸಂಖ್ಯೆ ನಿಜವಾಗಿ ಸತ್ತವರ ಮೇಲಿನ ನಂಬಿಕೆಯನ್ನೂ ಕೊಲ್ಲುತ್ತದೆ. ಗಾಜಾದ ಪಟ್ಟಿಯಿಂದಲೂ ಮರುಪರಿಶೀಲನೆಯಲ್ಲಿ ಕೆಲವು ಸಾವಿರದಷ್ಟು ಹೆಸರುಗಳು ಬಿದ್ದವು. ವಿರೋಧಿಗಳು ಅದನ್ನು ಮೋಸದ ಪುರಾವೆ ಎಂದರು. ತಪ್ಪು ಕಂಡಾಗ ಅಳಿಸುವ ಪಟ್ಟಿಯನ್ನು ನಂಬುವುದೇ ಹೆಚ್ಚು ನ್ಯಾಯ.

ಭಾರತಕ್ಕೂ ಈ ಕಸುಬಿನ ಒಂದು ನೆನಪಿದೆ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಮರುದಿನ, 1919ರ ಏಪ್ರಿಲ್ 14ರಂದು, ಗುಜ್ರನ್‌ವಾಲಾದ ಮೇಲೆ ಬ್ರಿಟಿಷ್ ವಿಮಾನಗಳು ಬಾಂಬು ಹಾಕಿದವು, ಮೆಷಿನ್‌ಗನ್ನಿನಿಂದ ಗುಂಡು ಹಾರಿಸಿದವು. ಅಮೃತಸರದಲ್ಲಿ ಎಷ್ಟು ಜನ ಸತ್ತರೆಂದು ಸರ್ಕಾರ ತಿಂಗಳುಗಟ್ಟಲೆ ವಿಚಾರಿಸುವ ಗೋಜಿಗೇ ಹೋಗಲಿಲ್ಲ. ಮನೆಮನೆ ತಿರುಗಿ ಹೆಸರು ಬರೆದುಕೊಂಡವರು ಸೇವಾ ಸಮಿತಿಯ ಕಾರ್ಯಕರ್ತರು. ಕಾಂಗ್ರೆಸ್ ತನ್ನದೇ ತನಿಖೆಗೆ ಸಮಿತಿ ಮಾಡಿತು, ವರದಿಯ ಹೊಣೆ ಗಾಂಧೀಜಿಯ ಮೇಲೆ ಬಿತ್ತು. 1,700ಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆಗಳು ಬಂದವು. ಸಂಶಯದ ಎಳೆಯಿದ್ದದ್ದನ್ನೆಲ್ಲ ಅವರು ಪಕ್ಕಕ್ಕಿಟ್ಟರು. ಉತ್ಪ್ರೇಕ್ಷೆಯಿಲ್ಲದಂತೆ ಬರೆಯುವುದು ಅವರಿಗೆ ವಕೀಲಿ ಜಾಣತನವಾಗಿರಲಿಲ್ಲ, ವ್ರತವಾಗಿತ್ತು.

ಹೆಸರನ್ನು ಕಂಡು ಹೆದರುವವರೂ ಇದ್ದಾರೆ. 2014ರ ಯುದ್ಧದ ನಡುವೆ ಬೆತ್ಸೆಲೆಮ್, ಗಾಜಾದಲ್ಲಿ ಸತ್ತ ಕೆಲವು ಮಕ್ಕಳ ಹೆಸರುಗಳನ್ನು ಓದುವ ರೇಡಿಯೊ ಜಾಹೀರಾತೊಂದನ್ನು ಸಿದ್ಧಪಡಿಸಿತು. ರಾಜಕೀಯವಾಗಿ ವಿವಾದಾಸ್ಪದ ಎಂದು ಇಸ್ರೇಲಿನ ಪ್ರಸಾರ ಪ್ರಾಧಿಕಾರ ಅದನ್ನು ನಿರಾಕರಿಸಿತು. ಸಂಸ್ಥೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು, ಸೋತಿತು. ಜಾಹೀರಾತಿನಲ್ಲಿ ಆರೋಪವಿರಲಿಲ್ಲ, ಹೆಸರು ವಯಸ್ಸು ಇದ್ದವು. ವರ್ಷವರ್ಷವೂ ನಾಜಿಗಳು ನಡೆಸಿದ ಯೆಹೂದಿ ಹತ್ಯಾಕಾಂಡದ ಸ್ಮರಣೆಯ ದಿನ ಸತ್ತವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುವ ಸಂಪ್ರದಾಯವಿರುವ ದೇಶ ಅದು. ಹೆಸರಿನ ಬಲ ಗೊತ್ತಿಲ್ಲದೆ ನಿರಾಕರಿಸಿದರು ಎನ್ನುವಂತಿಲ್ಲ. ಒಂದು ಜೀವ ತೆಗೆದವನು ಇಡೀ ಲೋಕವನ್ನೇ ನಾಶಮಾಡಿದಂತೆ ಎಂಬ ಭಾವ ಯೆಹೂದಿಗಳ ಮಿಶ್ನಾದಲ್ಲೂ ಇದೆ, ಕುರಾನಿನ ಐದನೆಯ ಅಧ್ಯಾಯದಲ್ಲೂ ಇದೆ; ಅದು ಇಸ್ರೇಲಿನ ಸಂತತಿಗೆ ವಿಧಿಸಿದ ಕಟ್ಟಳೆ ಎಂದು ಕುರಾನೇ ಹೇಳುತ್ತದೆ. ಕಾದಾಡುವ ಎರಡೂ ಕಡೆಯವರ ಮನೆಯಲ್ಲಿ ಒಂದೇ ಶಾಸನ.

ಸತ್ತವರ ಲೆಕ್ಕ ಕೇಳುವ ಪ್ರಸಂಗ ಮಹಾಭಾರತದಲ್ಲೂ ಇದೆ. ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿದ್ದರಿಂದ, ಗದುಗಿನ ಭಾರತ ಕೇಳಿ ಬೆಳೆದವರಿಗೆ ಸ್ತ್ರೀಪರ್ವದ ಕೊನೆಯ ಭಾಗ ಅಷ್ಟಾಗಿ ಪರಿಚಯವಿಲ್ಲ. ಅಲ್ಲಿ ಧೃತರಾಷ್ಟ್ರ ಯುಧಿಷ್ಠಿರನನ್ನು ಕೇಳುತ್ತಾನೆ, ಸತ್ತವರೆಷ್ಟು ಎಂದು. ಯುಧಿಷ್ಠಿರ 166 ಕೋಟಿ 20 ಸಾವಿರ ಎನ್ನುತ್ತಾನೆ, ಪತ್ತೆಯಿಲ್ಲದವರು 24,165. ಹದಿನೆಂಟು ಅಕ್ಷೋಹಿಣಿ ಸೈನ್ಯದಲ್ಲಿ ಆನೆ ಕುದುರೆ ರಥ ಎಲ್ಲ ಕೂಡಿದರೂ 39 ಲಕ್ಷ ಚಿಲ್ಲರೆ ಆಗುವುದರಿಂದ ಮೊದಲ ಸಂಖ್ಯೆ ನಡೆಯುವ ಮಾತಲ್ಲ. ಆದರೆ ಕಾಣೆಯಾದವರ ಲೆಕ್ಕವನ್ನು ಕವಿ ಬಿಡಿ ಸ್ಥಾನದವರೆಗೆ ಕೊಟ್ಟಿದ್ದಾನೆ. ಅದಾದ ಮೇಲೆ ಧೃತರಾಷ್ಟ್ರ ಕೇಳುವುದು, ದಿಕ್ಕಿಲ್ಲದವರ ಸಂಸ್ಕಾರ ಮಾಡುವವರು ಯಾರು ಎಂದು. ಯುಧಿಷ್ಠಿರ ವಿದುರ, ಸಂಜಯ, ಧೌಮ್ಯ, ಯುಯುತ್ಸು ಮೊದಲಾದವರನ್ನು ನೇಮಿಸುತ್ತಾನೆ; ಎರಡೂ ಪಕ್ಷದವರಿಗೆ, ಹೆಸರೂರು ತಿಳಿಯದೆ ದೂರದೇಶದಿಂದ ಬಂದವರಿಗೆ ಕೂಡ ಚಿತೆಯಾಗುತ್ತದೆ. ಗಂಗೆಯಲ್ಲಿ ತರ್ಪಣ ಬಿಡುವ ಹೊತ್ತಿಗೆ ಕುಂತಿ ಬಾಯಿಬಿಡುತ್ತಾಳೆ: ಕರ್ಣನಿಗೂ ನೀರು ಬಿಡಿ, ಅವನು ನಿಮ್ಮಣ್ಣ. ಗೆದ್ದವನು ಸತ್ತವರ ಪಟ್ಟಿ ಹಿಡಿದು ನಿಂತಾಗಲೇ ಅವನಿಗೆ ತಾನು ಕೊಲ್ಲಿಸಿದ್ದು ಯಾರನ್ನು ಎಂದು ತಿಳಿದದ್ದು. ಮೊದಲೇ ಹೇಳಲಿಲ್ಲವೆಂದು ಆತ ತಾಯಿಯ ಮೇಲೆ ಸಿಟ್ಟಾದ. ತಾನೇ ವಿಚಾರಿಸಬೇಕಿತ್ತೆಂದು ಅವನಿಗೆ ಅನ್ನಿಸಿತೋ ಇಲ್ಲವೋ, ಇಂದಿನ ಸೇನಾ ಕಚೇರಿಗಳಿಗಂತೂ ಅನ್ನಿಸಬೇಕು.

ಇಡೀ ಸಂಸಾರವೇ ಹೋದಾಗ ಪಟ್ಟಿಗೆ ಹೆಸರು ಬರೆಸುವವರು ಯಾರು? ಗಾಜಾದ ಸಚಿವಾಲಯ ಆಸ್ಪತ್ರೆಗಳು ಕುಸಿದ ಮೇಲೆ ಆನ್‌ಲೈನ್ ಅರ್ಜಿ ತೆರೆಯಿತು, ಆದರೆ ಅದನ್ನು ತುಂಬಲು ಬದುಕುಳಿದ ಒಬ್ಬ ನೆಂಟನಾದರೂ ಬೇಕು. ಲಂಡನ್ನಿನ ಸಂಶೋಧಕರ ತಂಡವೊಂದು 2025ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದಕ್ಕೊಂದು ದಾರಿ ತೋರಿಸಿತು. ಆಸ್ಪತ್ರೆಯ ಪಟ್ಟಿ, ಈ ಅರ್ಜಿಗಳ ಪಟ್ಟಿ, ಸಾಮಾಜಿಕ ಜಾಲತಾಣಗಳ ಸಂತಾಪಗಳ ಪಟ್ಟಿ ಮೂರನ್ನೂ ಪಕ್ಕಪಕ್ಕ ಇಟ್ಟು, ಎಷ್ಟು ಹೆಸರುಗಳು ಒಂದಕ್ಕಿಂತ ಹೆಚ್ಚು ಪಟ್ಟಿಯಲ್ಲಿವೆ ಎಂದು ನೋಡಿದರು. ಹಾಗೆ ಮರುಕಳಿಸುವ ಹೆಸರುಗಳು ಕಡಿಮೆಯಿದ್ದಷ್ಟೂ ಯಾವ ಪಟ್ಟಿಗೂ ಸಿಗದವರು ಹೆಚ್ಚು. ಕೆರೆಯ ಮೀನು ಎಣಿಸಲು ಜೀವಶಾಸ್ತ್ರಜ್ಞರು ಬಳಸುವ ಗಣಿತವೇ ಇದು. 2024ರ ಜೂನ್ ಕೊನೆಯವರೆಗೆ ಗಾಯದಿಂದ ಸತ್ತವರು ಸುಮಾರು 64,260, ಅಧಿಕೃತ ಲೆಕ್ಕ ನಿಜಕ್ಕಿಂತ ಶೇಕಡ 41ರಷ್ಟು ಕಡಿಮೆ ಎಂದು ಅವರ ಅಂದಾಜು. ಈ ಗಣಿತ ಹೆಸರು ಕೊಡಲಾರದು, ಇದ್ದರು ಎಂದಷ್ಟೇ ಹೇಳಬಲ್ಲದು.

2022ರ ನವೆಂಬರ್ 18ರಂದು ಡಬ್ಲಿನ್ನಿನಲ್ಲಿ ಎಂಬತ್ತಕ್ಕೂ ಹೆಚ್ಚು ದೇಶಗಳು, ಜನವಸತಿಯಲ್ಲಿ ಸ್ಫೋಟಕಗಳ ಬಳಕೆಯ ಕುರಿತ ರಾಜಕೀಯ ಘೋಷಣೆಯೊಂದನ್ನು ಒಪ್ಪಿಕೊಂಡವು. ಅಮೆರಿಕವೂ ಅದರಲ್ಲಿದೆ. ಇಸ್ರೇಲ್, ರಷ್ಯಾ, ಭಾರತ ಇಲ್ಲ. ನಾಗರಿಕ ಹಾನಿಯ ವಿವರ ಸಂಗ್ರಹಿಸಿ ಹಂಚಿಕೊಳ್ಳುತ್ತೇವೆ ಎಂಬ ಭರವಸೆ ಅದರಲ್ಲಿದೆ. ಸಾಧ್ಯವಾದ ಕಡೆ ಮತ್ತು ಉಚಿತವೆನಿಸಿದ ಕಡೆ ಎಂಬ ವಿನಾಯಿತಿಯೂ ಇದೆ. ಇನ್ನು ಮುಂದಿನ ಜಗಳವೆಲ್ಲ ಆ ವಿನಾಯಿತಿಯ ಸುತ್ತ ನಡೆಯಲಿದೆ: ಸಾಧ್ಯವೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು, ಬಾಂಬು ಹಾಕಿದವರೋ, ಮಾರ್ಕರ್ ಪೆನ್ನು ಹಿಡಿದು ಶವಾಗಾರದಲ್ಲಿ ನಿಂತವರೋ.